ಫ್ರೀಜರ್‌ನಲ್ಲಿಟ್ಟ ವಡೆ ಹಿಟ್ಟು ತಂಗಳಾ?

ಕಡ್ಲೆಬೇಳೆ ನೆನೆಸಿ, ತರಿತರಿಯಾಗಿ ರುಬ್ಬಿ, ವಡೆ ತಟ್ಟಿ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ತೆಗೆದು ಕರಿದರೆ ಅದು ತಂಗಳು ಅನ್ನಿಸಿಕೊಳ್ಳುತ್ತಾ? ನಮ್ಮ ಜೋಗಿಮಟ್ಟಿ ರಸ್ತೆ ಕಡೆ ಸಂಜೆ ನಾಲ್ಕು ಜನ ಹೆಂಗಸರು ಸೇರಿದರೆ ಈ ಪ್ರಶ್ನೆಗೆ ಎರಡು ಪಾರ್ಟಿ ಆಗಿಬಿಡುತ್ತೆ. ‘ಫ್ರಿಜ್ಜಲ್ಲಿಟ್ಟಿದ್ದೆಲ್ಲಾ ತಂಗಳೇ ಕಣಮ್ಮಾ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು’ ಅನ್ನುವ ಹಿರಿಯರು ಒಂದು ಕಡೆ. ‘ಬೆಳಿಗ್ಗೆ ಎದ್ದು ನೀವೇ ರುಬ್ಬಿ ನೋಡಿ ಆಂಟಿ’ ಅಂತ ಮನಸ್ಸಿನಲ್ಲೇ ಅಂದುಕೊಳ್ಳುವ ಸೊಸೆಯಂದಿರು ಇನ್ನೊಂದು ಕಡೆ. ನನ್ನ ಓಟು ಸೊಸೆಯಂದಿರಿಗೆ. ಆದರೆ ಒಂದೆರಡು ಷರತ್ತು ಇವೆ.

ಮಳೆಗಾಲ ಶುರುವಾಯಿತೆಂದರೆ ಚಿತ್ರದುರ್ಗದವರಿಗೆ ಭಾನುವಾರ ಜೋಗಿಮಟ್ಟಿ ಹತ್ತುವ ಚಪಲ. ಬಿಸಿಲಿಗೆ ಹೆಸರಾದ ಊರಿನ ಪಕ್ಕದಲ್ಲೇ ಮಂಜು ಮುಸುಕಿದ ಗುಡ್ಡ, ತಂಪು ಗಾಳಿ, ಕಣ್ಣು ಹಾಯಿಸಿದ ಕಡೆ ಗಾಳಿಯಂತ್ರ. ಮಕ್ಕಳಿದ್ದರೆ ದಾರಿಯಲ್ಲಿ ಆಡುಮಲ್ಲೇಶ್ವರದ ಮೃಗಾಲಯ ನೋಡದೆ ಬಿಡುವುದಿಲ್ಲ. ಹೋಗೋಣ ಅನ್ನುವ ತೀರ್ಮಾನ ಮಾತ್ರ ಶನಿವಾರ ರಾತ್ರಿ ಊಟ ಮಾಡುವಾಗ ಆಗುತ್ತೆ! ಚಿತ್ರಾನ್ನ, ಮೊಸರನ್ನ ಹೇಗೋ ಆಗುತ್ತೆ. ‘ಜೊತೆಗೆ ನಾಲ್ಕು ವಡೆ ಇದ್ದಿದ್ರೆ’ ಅಂತ ಯಾರೋ ಒಬ್ಬರು ರಾಗ ಎಳೆದರೆ ಮುಗಿಯಿತು, ಮನೆಯಾಕೆ ಮಾರನೇ ದಿನ ನಾಲ್ಕು ಗಂಟೆಗೆ ಎದ್ದು ಬೇಳೆ ನೆನೆಹಾಕಬೇಕು. ಗುಡ್ಡದ ಮೇಲೆ ಎಲ್ಲರೂ ಗಾಳಿಗೆ ಮುಖವೊಡ್ಡಿ ನಿಂತಿದ್ದರೆ ಆಕೆಗೆ ಮರದ ಕೆಳಗೆ ಕೂತಲ್ಲೇ ತೂಕಡಿಕೆ. ಪ್ರವಾಸ ಯಾರದ್ದು, ಕೆಲಸ ಯಾರದ್ದು ಹೇಳಿ?

ಅರಬ್ ದೇಶಗಳಲ್ಲಿ ಫಲಾಫೆಲ್ ಅಂತ ಒಂದು ತಿಂಡಿ ಇದೆ. ಈಗ ಬೆಂಗಳೂರಿನ ಹೋಟೆಲುಗಳಲ್ಲೂ ಸಿಗುತ್ತೆ. ಹೆಸರು ಕೇಳಿ ಗಾಬರಿಯಾಗಬೇಡಿ, ಅದು ನಮ್ಮ ಅಂಬೊಡೆಯ ದೂರದ ಸಂಬಂಧಿ ಅಷ್ಟೇ. ಕಾಬೂಲ್ ಕಡಲೆ ನೆನೆಸಿ, ಬೇಯಿಸದೆ ಹಾಗೇ ರುಬ್ಬಿ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಜೀರಿಗೆ ಹಾಕಿ ಉಂಡೆ ಕಟ್ಟಿ ಕರಿಯುವುದು. ಈಜಿಪ್ಟಿನವರು ಕಡಲೆ ಬದಲು ಒಂದು ಜಾತಿಯ ದೊಡ್ಡ ಅವರೆಯಂಥ ಕಾಳು ಹಾಕುತ್ತಾರೆ. ಅಲ್ಲಿನ ಹೆಂಗಸರೂ ಒಮ್ಮೆಗೇ ಜಾಸ್ತಿ ರುಬ್ಬಿ ಫ್ರೀಜರ್‌ಗೆ ಹಾಕಿಟ್ಟುಕೊಳ್ಳುತ್ತಾರೆ. ಅವರ ಕಾಳು ಇಡಿಯಾಗಿರುವುದರಿಂದ ರಾತ್ರಿಯಿಡೀ ನೆನೆಯಬೇಕು, ನಮ್ಮ ಬೇಳೆಗೆ ಎರಡು ಗಂಟೆ ಸಾಕು. ವ್ಯತ್ಯಾಸ ಅಷ್ಟೇ. ವಡೆಯ ವಿಷಯದಲ್ಲಿ ನಾವು ಯಾರಿಂದಲೂ ಕಲಿಯಬೇಕಾಗಿಲ್ಲ ಬಿಡಿ. ಕಲ್ಯಾಣದ ಚಾಲುಕ್ಯರ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲೇ ವಡೆಯ ಪ್ರಸ್ತಾಪ ಇದೆ. ಆದರೆ ಕೂಡಿಡುವ ಬುದ್ಧಿಯನ್ನು ಯಾರಿಂದ ಕಲಿತರೂ ತಪ್ಪೇನಿಲ್ಲ.

ಈಗ ತಂಗಳಿನ ಮಾತಿಗೆ ಬರೋಣ. ತಂಗಳು ಅಂದರೆ ಬೇಯಿಸಿದ ಅಡುಗೆ ರಾತ್ರಿ ಕಳೆದು ಉಳಿದದ್ದು. ರುಬ್ಬಿಟ್ಟ ಬೇಳೆ ಇನ್ನೂ ಒಲೆಯನ್ನೇ ಕಂಡಿಲ್ಲ, ಅದು ಹೇಗೆ ತಂಗಳಾಗುತ್ತೆ? ಬೇಸಿಗೆಯಲ್ಲಿ ಬೂದುಗುಂಬಳಕಾಯಿ ತುರಿಗೆ ಉದ್ದಿನಬೇಳೆ ರುಬ್ಬಿ ಹಾಕಿ ಮಾಳಿಗೆ ಮೇಲೆ ಸಂಡಿಗೆ ಇಡುತ್ತಿದ್ದವರು ಯಾರು? ಇದೇ ಹಿರಿಯರು. ರುಬ್ಬಿದ ಹಿಟ್ಟಿನಿಂದ ನೀರು ತೆಗೆದುಹಾಕಿದರೆ ಕೆಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು, ಚಿತ್ರದುರ್ಗದ ಬಿಸಿಲು ಪುಕ್ಕಟೆಯಾಗಿ ಸಿಗುತ್ತಿತ್ತು. ಫ್ರೀಜರ್ ಆ ನೀರನ್ನು ತೆಗೆಯುವ ಬದಲು ಗಟ್ಟಿ ಮಾಡಿ ಕೂರಿಸುತ್ತೆ. ಎರಡರಲ್ಲೂ ಕೆಡಿಸುವ ಜೀವಿಗಳಿಗೆ ಕುಡಿಯಲು ನೀರು ಸಿಗದಂತೆ ಮಾಡುವುದೇ ಉಪಾಯ. ಸಂಡಿಗೆ ಒಪ್ಪಿಕೊಂಡವರು ಇದನ್ನು ಒಪ್ಪದಿರುವುದಕ್ಕೆ ನನಗಂತೂ ಕಾರಣ ಕಾಣಲ್ಲ. ಬೇಕರಿಯಿಂದ ತಂದ ಪಫ್ಸು ಯಾವತ್ತು ಮಾಡಿದ್ದು ಅಂತ ಯಾರೂ ಕೇಳಲ್ಲ, ಸೊಸೆ ಮಾಡಿಟ್ಟಿದ್ದಕ್ಕೆ ಮಾತ್ರ ತಾರೀಖು ಬೇಕು!

ಹಾಗಂತ ಹಬ್ಬದ ದಿನ ಎಡೆಗೆ, ನೈವೇದ್ಯಕ್ಕೆ ಫ್ರೀಜರ್ ವಡೆ ಇಡಿ ಅಂತ ನಾನು ಹೇಳುತ್ತಿಲ್ಲ. ಅದು ರುಚಿಯ ಪ್ರಶ್ನೆ ಅಲ್ಲ, ಮಡಿಯ ಪ್ರಶ್ನೆ. ಹಿರಿಯರ ಮನಸ್ಸಿಗೆ ನೋವು ಮಾಡಿ ಸಾಧಿಸುವುದೇನಿದೆ? ಅವತ್ತು ಆಗಲೇ ನೆನೆಸಿ, ಆಗಲೇ ರುಬ್ಬಿ. ರುಚಿಯ ಲೆಕ್ಕ ಕೇಳಿದರೂ ಸುಳ್ಳು ಹೇಳಲ್ಲ. ಆಗತಾನೇ ರುಬ್ಬಿದ್ದಕ್ಕೆ ಹತ್ತಕ್ಕೆ ಹತ್ತು ಕೊಟ್ಟರೆ ಇದಕ್ಕೆ ಎಂಟು. ಶಾಲೆಯಿಂದ ಹಸಿದು ಬಂದ ಮಕ್ಕಳು ಆ ಎರಡು ಅಂಕ ಕಳೆಯೋದಿಲ್ಲ.

ಇನ್ನು ಮಾಡುವ ಬಗೆ. ಕೆಲವರು ಮಾಮೂಲಿ ವಡೆ ಹಿಟ್ಟನ್ನೇ, ಈರುಳ್ಳಿ ಉಪ್ಪು ಸಮೇತ ಡಬ್ಬಿಗೆ ತುಂಬಿ ಮೇಲೆ ತಳ್ಳಿಬಿಡುತ್ತಾರೆ. ಆಮೇಲೆ ತೆಗೆದಾಗ ನೀರು ನೀರು, ಎಣ್ಣೆಗೆ ಬಿಟ್ಟರೆ ಪುಡಿಪುಡಿ. ‘ಫ್ರೀಜರ್‌ನಲ್ಲಿಟ್ಟರೆ ಹಾಳಾಗುತ್ತೆ’ ಅನ್ನುವ ಮಾತು ಹುಟ್ಟುವುದೇ ಇಲ್ಲಿಂದ. ಹಸಿ ಈರುಳ್ಳಿಯೊಳಗಿನ ನೀರು ಹೆಪ್ಪುಗಟ್ಟಿದಾಗ ಅದರ ಪದರ ಒಡೆಯುತ್ತೆ, ಕರಗಿದಾಗ ನೀರೆಲ್ಲಾ ಹೊರಗೆ. ಉಪ್ಪೂ ನೀರು ಬಿಡಿಸುತ್ತೆ. ಆದ್ದರಿಂದ ಇಡುವ ಹಿಟ್ಟಿಗೆ ಈರುಳ್ಳಿ ಬೇಡವೇ ಬೇಡ. ಅದರ ಜಾಗಕ್ಕೆ ಸಬ್ಬಸಿಗೆ ಸೊಪ್ಪು, ಕರಿಬೇವು, ಸಣ್ಣಗೆ ಹೆಚ್ಚಿದ ಕೊಬ್ಬರಿ ಚೂರು. ಸೊಪ್ಪು ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿರಬೇಕು. ಉಪ್ಪನ್ನು ತಟ್ಟುವ ಕೊನೇ ಗಳಿಗೆಯಲ್ಲಿ ಹಾಕಿ. ಅಡುಗೆ ಸೋಡಾ ಹಾಕುವ ಅಭ್ಯಾಸ ಇದ್ದವರು ಇದಕ್ಕೆ ಹಾಕಬೇಡಿ, ಅದರ ಶಕ್ತಿ ಕರಿಯುವ ಹೊತ್ತಿಗೆ ಮುಗಿದಿರುತ್ತೆ.

ಕಾಲು ಕೆಜಿ ಕಡ್ಲೆಬೇಳೆಗೆ ಇಪ್ಪತ್ತರ ಆಸುಪಾಸು ವಡೆ ಆಗುತ್ತೆ. ಎರಡು ಗಂಟೆ ನೆನೆದ ಬೇಳೆಯನ್ನು ಜರಡಿಯಲ್ಲಿ ಹಾಕಿ ಅರ್ಧ ಗಂಟೆ ನೀರು ಸೋರಲು ಬಿಡಿ. ಏಪ್ರಿಲ್ ಮೇ ತಿಂಗಳಲ್ಲಿ ರಾತ್ರಿಯೆಲ್ಲಾ ನೆನೆಹಾಕಿದರೆ ಬೆಳಿಗ್ಗೆಗೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತೆ, ಅಂಥ ಬೇಳೆ ಕೂಡಿಡಲು ಲಾಯಕ್ಕಲ್ಲ. ಒಂದು ಹಿಡಿ ಬೇಳೆ ತೆಗೆದಿಟ್ಟು, ಉಳಿದದ್ದನ್ನು ಹಸಿಮೆಣಸಿನಕಾಯಿ, ಶುಂಠಿ, ಇಂಗಿನ ಜೊತೆ ನೀರು ಸೋಕಿಸದೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಷ್ಟು ಸಾಕು. ತೆಗೆದಿಟ್ಟ ಬೇಳೆ ಬೆರೆಸಿ ತೆಳ್ಳಗೆ, ಅರ್ಧ ಇಂಚಿಗಿಂತ ದಪ್ಪ ಆಗದಂತೆ ತಟ್ಟಿ. ದಪ್ಪ ಇದ್ದರೆ ಆಮೇಲೆ ಮೇಲೆ ಕೆಂಪಗಾಗಿ ಒಳಗೆ ಹಸಿ ಉಳಿಯುತ್ತೆ.

ತಟ್ಟಿದ್ದನ್ನು ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಮೊದಲು ತಟ್ಟೆ ಸಮೇತ ಫ್ರೀಜರ್‌ಗೆ ಇಡಿ. ಮೂರು ನಾಲ್ಕು ಗಂಟೆಗೆ ಕಲ್ಲಿನ ಬಿಲ್ಲೆ ಥರ ಆಗುತ್ತವೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಕಟ್ಟಿ, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ. ಮೊದಲೇ ಚೀಲಕ್ಕೆ ಹಾಕಿದರೆ ಎಲ್ಲಾ ಸೇರಿ ಒಂದೇ ಇಟ್ಟಿಗೆ! ಈರುಳ್ಳಿ ಇಲ್ಲದೆ ವಡೆ ಸೇರದು ಅನ್ನುವವರು ತಟ್ಟದೆ, ಉಪ್ಪೂ ಹಾಕದೆ ಬರೀ ಹಿಟ್ಟನ್ನು ಚಪ್ಪಟೆಯಾಗಿ ಚೀಲದಲ್ಲಿಟ್ಟು, ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಬೆಳಿಗ್ಗೆ ಈರುಳ್ಳಿ ಉಪ್ಪು ಬೆರೆಸಿ ತಟ್ಟಿಕೊಳ್ಳಬಹುದು. ಅಡುಗೆಮನೆ ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಅರ್ಧ ಕರಿದು ಇಡುವ ಪದ್ಧತಿಯೂ ಇದೆ, ನನಗೆ ಹಿಡಿಸಲ್ಲ. ಎರಡು ಸಲ ಎಣ್ಣೆ ಕುಡಿದ ವಡೆ ಯಾರಿಗೆ ಬೇಕು?

ಬಾಗಿಲು ಬೇರೆ ಬೇರೆ ಇರುವ ಫ್ರಿಜ್ಜಾದರೆ ಮೇಲಿನ ಫ್ರೀಜರ್ ಮೈನಸ್ 18 ಡಿಗ್ರಿ ಇರುತ್ತೆ, ಎರಡು ತಿಂಗಳೊಳಗೆ ಮುಗಿಸಿದರೆ ರುಚಿ ಹೋಗುವುದಿಲ್ಲ. ಒಂದೇ ಬಾಗಿಲಿನ ಹಳೇ ಫ್ರಿಜ್ಜಿನ ಮೇಲಿನ ಪೆಟ್ಟಿಗೆಗೆ ಅಷ್ಟು ಶಕ್ತಿ ಇರಲಿಕ್ಕಿಲ್ಲ. ಐಸ್‌ಕ್ರೀಂ ಅದರಲ್ಲಿ ಕಲ್ಲಿನಂತೆ ಗಟ್ಟಿ ನಿಲ್ಲುತ್ತಾ ನೋಡಿ. ಚಮಚ ಸಲೀಸಾಗಿ ಇಳಿದರೆ ಒಂದು ವಾರಕ್ಕಿಂತ ಹೆಚ್ಚು ಇಡಬೇಡಿ.

ನನ್ನ ಮುಖ್ಯ ಷರತ್ತು ಕರೆಂಟಿನದು. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಲೇ ಇರುತ್ತೆ, ಕೆಳಗೆ ನಮ್ಮ ಮನೆಯಲ್ಲಿ ಕರೆಂಟು ಹೋಗುವಾಗ ಹೋಗುತ್ತಲೇ ಇರುತ್ತೆ. ತುಂಬಿದ ಫ್ರೀಜರ್ ಬಾಗಿಲು ತೆರೆಯದೆ ಬಿಟ್ಟರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಚಳಿ ಹಿಡಿದುಕೊಳ್ಳುತ್ತೆ ಅಂತ ಲೆಕ್ಕ. ಅದು ದೊಡ್ಡ, ಒಳ್ಳೆಯ ಫ್ರೀಜರ್‌ಗೆ. ನಮ್ಮ ಸಣ್ಣ ಪೆಟ್ಟಿಗೆಗೆ, ಅದೂ ಬೇಸಿಗೆಯಲ್ಲಿ, ಅದರ ಅರ್ಧಕ್ಕಿಂತ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಚಳಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮಲಗಿರುತ್ತೆ. 5 ಡಿಗ್ರಿ ದಾಟಿತೆಂದರೆ ಎದ್ದು ಕೂರುತ್ತೆ. ಅದಕ್ಕೆ ಕರಗಿದ ಹಿಟ್ಟನ್ನು ಮತ್ತೆ ಗಟ್ಟಿ ಮಾಡಿಟ್ಟರೆ ನೋಡಲು ಮೊದಲಿನ ಹಾಗೇ ಇರುತ್ತೆ, ಒಳಗಿನ ಕಥೆ ಬೇರೆ. ಮೂಸಿ ನೋಡಿದರೆ ಗೊತ್ತಾಗುತ್ತೆ ಅಂತ ನಂಬಬೇಡಿ, ಹೊಟ್ಟೆ ಕೆಡಿಸುವ ಎಲ್ಲವೂ ವಾಸನೆ ಬರುವುದಿಲ್ಲ.

ಊರಿಗೆ ಹೋದಾಗ ಕರೆಂಟು ಎಷ್ಟು ಹೊತ್ತು ಹೋಗಿತ್ತೋ ಹೇಗೆ ತಿಳಿಯೋದು? ಇದಕ್ಕೊಂದು ಸುಲಭ ಉಪಾಯ ಇದೆ. ಒಂದು ಸಣ್ಣ ಲೋಟದಲ್ಲಿ ನೀರು ಗಟ್ಟಿಯಾಗಲು ಬಿಟ್ಟು, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಮೇಲೆ ಇದ್ದರೆ ಸರಿ. ತಳಕ್ಕೆ ಇಳಿದಿದ್ದರೆ ಮಂಜುಗಡ್ಡೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಹಿಟ್ಟನ್ನು ಕಣ್ಣುಮುಚ್ಚಿ ಎಸೆಯಿರಿ. ಕಾಲು ಕೆಜಿ ಬೇಳೆಗಿಂತ ಮಕ್ಕಳ ಹೊಟ್ಟೆ ದೊಡ್ಡದು.

ಕರಿಯುವಾಗ ತಟ್ಟಿಟ್ಟ ವಡೆ ಕರಗಿಸುವ ಅಗತ್ಯ ಇಲ್ಲ. ಮೇಲಿನ ಮಂಜಿನ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಎಣ್ಣೆ ಸಿಡಿದು ಕೈಯೆಲ್ಲಾ ಬೊಬ್ಬೆ. ನಮ್ಮ ಜಿಲ್ಲೆಯವರಿಗೆ ಚಳ್ಳಕೆರೆಯ ಶೇಂಗಾ ಎಣ್ಣೆ ಇರುವಾಗ ಬೇರೆ ಯಾಕೆ? ಒಂದು ಸಲಕ್ಕೆ ನಾಲ್ಕು ಅಥವಾ ಐದು ವಡೆ, ಮಧ್ಯಮ ಉರಿ. ಜಾಸ್ತಿ ಹಾಕಿದರೆ ಎಣ್ಣೆ ತಣ್ಣಗಾಗಿ ವಡೆ ಎಣ್ಣೆ ಹೀರುತ್ತೆ. ಮೊದಲನೆಯದನ್ನು ಮುರಿದು ಒಳಗೆ ಬೆಂದಿದೆಯಾ ನೋಡಿ. ಎಣ್ಣೆ ಸೋರಲು ನ್ಯೂಸ್‌ಪೇಪರ್ ಹಾಕಬೇಡಿ, ಅದರ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ. ಈ ಪುರವಣಿಯನ್ನೂ ಸೇರಿಸಿಯೇ ಹೇಳ್ತಿದ್ದೀನಿ! ಜೋಗಿಮಟ್ಟಿಗೆ ಒಯ್ಯುವುದಾದರೆ ಪೂರ್ತಿ ಆರಿದ ಮೇಲೆ ಡಬ್ಬಿ ಮುಚ್ಚಿ, ಬಿಸಿಯಲ್ಲೇ ಮುಚ್ಚಿದರೆ ಹಬೆಗೆ ಮೆತ್ತಗಾಗುತ್ತೆ.

ಇಷ್ಟೆಲ್ಲಾ ಹೇಳಿದ ಮೇಲೂ ನನಗೆ ಒಂದು ಅನುಮಾನ ಇದ್ದೇ ಇದೆ. ಉಳಿದ ಸಮಯ ಯಾರಿಗೆ ಉಳಿಯಿತು? ಫ್ರೀಜರ್‌ನಲ್ಲಿ ವಡೆ ಇದೆ ಅಂತ ಗೊತ್ತಾದ ಮೇಲೆ ‘ಸ್ನೇಹಿತರು ನಾಲ್ಕು ಜನ ಬರ್ತಿದ್ದಾರೆ, ಹೇಗೂ ಇದೆಯಲ್ಲ, ಕರಿದುಬಿಡು’ ಅನ್ನುವ ಫೋನು ವಾರಕ್ಕೆರಡು ಸಲ ಬರುವ ಮನೆಗಳನ್ನು ನಾನು ಕಂಡಿದ್ದೀನಿ. ನೆನೆಹಾಕುವ ತಾಪತ್ರಯ ತಪ್ಪಿತು, ಬಾಣಲೆ ಮುಂದೆ ನಿಲ್ಲುವುದು ದುಪ್ಪಟ್ಟಾಯಿತು. ಮೊದಲು ‘ಬೇಳೆ ನೆನೆದಿಲ್ಲ ಕಣ್ರೀ’ ಅನ್ನುವ ನೆಪವಾದರೂ ಇತ್ತು! ಗ್ರೈಂಡರ್, ಮಿಕ್ಸಿ, ಕುಕ್ಕರ್ ಬಂದಾಗಲೂ ಹೀಗೇ ಆಗಿದ್ದು ಅಲ್ವಾ? ಕೆಲಸ ಹಗುರಾದಂತೆಲ್ಲಾ ಬೇಡಿಕೆ ಜಾಸ್ತಿ ಆಯಿತು.

ಹಾಗಾಗಿ ನನ್ನ ಸಲಹೆ ಇಷ್ಟು. ರುಬ್ಬಿ ತಟ್ಟಿ ಇಡುವುದು ನಮ್ಮ ಕೈಯಲ್ಲಿರಲಿ, ಕರಿಯುವುದು ಅವರೂ ಕಲಿಯಲಿ. ತಟ್ಟಿದ ವಡೆ ಎಣ್ಣೆಗೆ ಬಿಡಲು ವಿದ್ಯೆಯೇನೂ ಬೇಕಿಲ್ಲ, ಕಾಲೇಜಿಗೆ ಹೋಗುವ ಮಗನಿಗೂ ಬರುತ್ತೆ, ಯಜಮಾನರಿಗೂ ಬರುತ್ತೆ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ‘ಬಾಣಲೆಗೆ ಅರ್ಧಕ್ಕಿಂತ ಕಡಿಮೆ ಎಣ್ಣೆ. ಚೂರು ಹಿಟ್ಟು ಬಿಟ್ಟರೆ ತಕ್ಷಣ ಮೇಲೆ ಬರಬೇಕು. ಮಂಜು ಒರೆಸಿ. ಒಮ್ಮೆಗೆ ಐದೇ ವಡೆ. ಆರು ಏಳು ನಿಮಿಷ, ಮಧ್ಯೆ ಎರಡು ಸಲ ತಿರುವಿ. ಮುಗಿದ ಮೇಲೆ ಗ್ಯಾಸ್ ಆಫ್ ಮಾಡಿ, ಬಾಣಲೆ ತಣ್ಣಗಾದ ಮೇಲೆ ಎಣ್ಣೆ ಸೋಸಿಡಿ. ನನಗೂ ಎರಡು ತೆಗೆದಿಡಿ.’