ಹೊಸ ಹುಟ್ಟು, ಹಳೇ ಜಾತಿ



ಹಾಸ್ಟೆಲಿನ ಊಟದ ಸಾಲಿನಲ್ಲಿ ಒಂದು ಮಾತು ಕಿವಿಗೆ ಬೀಳುತ್ತಾ ಉಂಟು: "ಅವನು ಭಾನುವಾರ ಪ್ರಾರ್ಥನೆಗೆ ಹೋಗ್ತಾನಂತೆ. ಮತ್ತೆ ನಮ್ಮ ಹಾಸ್ಟೆಲಿನಲ್ಲಿ ಅವನಿಗೇನು ಕೆಲಸ?" ಕೇಳಿದವನೂ ನಮ್ಮವನೇ, ಹೋಗುವವನೂ ನಮ್ಮವನೇ. ಇಬ್ಬರ ಅಪ್ಪಂದಿರೂ ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತವರು. ಅದಕ್ಕೇ ಈ ಸಲ ಇದನ್ನೇ ಮಾತಾಡೋಣ.

ಏಸುವಿನಲ್ಲಿ ರಕ್ಷಣೆ ಉಂಟು, ಹೊಸ ಜನ್ಮ ಉಂಟು ಎಂದು ಪ್ರಾರ್ಥನಾ ಸಭೆಯಲ್ಲಿ ಹೇಳುತ್ತಾರೆ. ನಗುವುದು ಸುಲಭ. ಅಕ್ಕಿಗೆ, ಹಾಲಿನ ಪುಡಿಗೆ ಮರುಳಾದರು ಎಂದು ಮೇಲ್ಜಾತಿಯವರು ಹಂಗಿಸುತ್ತಲೇ ಬಂದಿದ್ದಾರೆ. ನಾವೂ ಹಾಗೇ ಹಂಗಿಸಬೇಕೆ? ಹುಟ್ಟಿನಿಂದಲೇ ಮೈಲಿಗೆ ಅನ್ನಿಸಿಕೊಂಡವನಿಗೆ, ಇನ್ನೊಮ್ಮೆ ಹುಟ್ಟಬಹುದು ಎಂಬ ಮಾತು ಎಷ್ಟು ದೊಡ್ಡದು ಎಂಬುದು ಹಾಗೆ ಹುಟ್ಟಿದವನಿಗೇ ಗೊತ್ತು. ಉಡುಪಿಯಲ್ಲಿ ಕನಕನಿಗೆ ದೇವರು ಕಂಡದ್ದು ಕಿಂಡಿಯಲ್ಲಿ ಎನ್ನುತ್ತಾರೆ. ನಮ್ಮ ಅಜ್ಜಂದಿರಿಗೆ ಆ ಕಿಂಡಿಯ ಹತ್ತಿರ ಹೋಗುವುದಕ್ಕೂ ಬಿಡಲಿಲ್ಲ. ಬಡಗಿಯ ಮನೆಯಲ್ಲಿ ಬೆಳೆದವನು, ಬಲೆ ಬೀಸುವವರನ್ನು ಜೊತೆಗೆ ಕರೆದವನು, ಕುಷ್ಠರೋಗಿಯನ್ನು ಕೈಯಾರೆ ಮುಟ್ಟಿದವನು ಎಂದರೆ ಯಾರೂ ಮುಟ್ಟದವರ ಎದೆಗೆ ಅದು ತಾಗದೆ ಇರುತ್ತದೆಯೇ?

ನಮ್ಮ ಕರಾವಳಿಯ ಕಥೆ ನೋಡಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಉಡುಪಿ, ಮಲ್ಪೆ ಕಡೆಗೂ ಹಬ್ಬಿದರು. ಅವರ ಸಭೆಗೆ ಹೆಚ್ಚಾಗಿ ಸೇರಿದವರು ಬಿಲ್ಲವರು. ಸೇರಿದವರಿಗೆ ಗೇಣಿ ಭೂಮಿ ಹೋಯಿತು, ನೆಂಟಸ್ತಿಕೆ ಹೋಯಿತು, ಶೇಂದಿಯ ಕಸುಬೂ ಹೋಯಿತು. ಅವರಿಗೆ ಹೊಟ್ಟೆಪಾಡು ಬೇಕಿತ್ತು. ನೇಯ್ಗೆ ಬಂತು, ಹಂಚಿನ ಕಾರ್ಖಾನೆ ಬಂತು. ಮಲ್ಪೆಯಲ್ಲೂ ಒಂದು ಎದ್ದಿತು. ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಂತವನು ಕೂಲಿ ಎಣಿಸಿಕೊಂಡ, ಮಗ ಸ್ಲೇಟು ಹಿಡಿದ. 1923ರಲ್ಲಿ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ತೆರೆಯಿತು. ಹೊಸ ಜನ್ಮ ಎಂಬುದಕ್ಕೆ ಕೂಲಿ, ಅಕ್ಷರ, ಔಷಧಿಯ ಅರ್ಥವೂ ಇತ್ತು.

ಆದರೆ ಜಾತಿ ಜಗಮೊಂಡ. ಕರಾವಳಿಯ ಕೊಂಕಣಿ ಕ್ಯಾಥೋಲಿಕರಲ್ಲಿ ಬಾಮಣ್, ಚಾರೋಡಿ, ಸುದಿರ್ ಎಂಬ ಭೇದ ಗೋವಾದಿಂದಲೇ ಜೊತೆಗೆ ಬಂತು. ಮದುವೆ ಮಾತಿನಲ್ಲಿ ಅದು ತಲೆಯೆತ್ತಿತು. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಕ್ರೈಸ್ತ ಸ್ಮಶಾನದ ನಡುವೆಯೇ ಗೋಡೆ ಕಟ್ಟಿದರು. ಸತ್ತ ಮೇಲೂ ದಲಿತನಿಗೆ ಬೇರೆ ಮಣ್ಣು! ಇದು ಯಾವ ರಕ್ಷಣೆ ಎಂದು ಪಾದ್ರಿಗಳನ್ನು ಕೇಳುವ ಹಕ್ಕು ನಮಗುಂಟು.

ಇನ್ನು ಸರ್ಕಾರ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂವಲ್ಲದವನನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತಂದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ನಮ್ಮ ಪಕ್ಕದ ಕೊರಗರು ಪರಿಶಿಷ್ಟ ಪಂಗಡ; ಅವರಿಗೆ ಈ ಧರ್ಮದ ಷರತ್ತಿಲ್ಲ. ಮದರಾಸಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ದಲಿತ ಕ್ರೈಸ್ತರು ಸುಪ್ರೀಂ ಕೋರ್ಟಿಗೆ ಹೋದರು. ಮತಾಂತರದ ಮೇಲೂ ಜಾತಿಯ ಪೆಟ್ಟು ಅಷ್ಟೇ ಕ್ರೂರವಾಗಿದೆ ಎಂದು ರುಜುವಾತು ಆಗಬೇಕು ಎಂದು 1985ರಲ್ಲಿ ತೀರ್ಪಾಯಿತು, ಅವರು ಸೋತರು. ಧರ್ಮದ ಷರತ್ತು ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಎಂದು ಇನ್ನೊಂದನ್ನು ಕೂರಿಸಿದರು.

ಅದೇ 2022ರಲ್ಲಿ ಕರ್ನಾಟಕ ಮತಾಂತರದ ಕಾಯ್ದೆ ತಂದಿತು. ಅದರಲ್ಲಿ ಹೆಚ್ಚಿನ ಶಿಕ್ಷೆ ಯಾರನ್ನು ಮತಾಂತರಿಸಿದರೆ? ಅಪ್ರಾಪ್ತರು, ಬುದ್ಧಿ ಸ್ವಾಧೀನವಿಲ್ಲದವರು, ಹೆಂಗಸರು, ಮತ್ತೆ ನಾವು! ಅಂದರೆ ನಮಗೆ ಸ್ವಂತ ಬುದ್ಧಿ ಇಲ್ಲವಂತೆ. 2023ರಲ್ಲಿ ಇದನ್ನು ರದ್ದುಮಾಡಲು ಸಂಪುಟ ತೀರ್ಮಾನಿಸಿತು. ಆದರೆ ಆ ಪಟ್ಟಿ ಬರೆದ ಮನಸ್ಸು ಊರಲ್ಲೇ ಉಂಟು.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬುದ್ಧನ ದಾರಿ ಹಿಡಿದರು. ನಡುವೆ 21 ವರ್ಷ ಓದಿದರು, ತೂಗಿ ನೋಡಿದರು. ಅವರು ಕ್ರೈಸ್ತ ಧರ್ಮ ಆರಿಸಲಿಲ್ಲ. ಆದರೆ ಆರಿಸುವ ಹಕ್ಕು ನಮ್ಮದು ಎಂಬುದನ್ನು ಬದುಕಿ ತೋರಿಸಿದರು.

ಪ್ರಾರ್ಥನೆಗೆ ಹೋಗುವ ಗೆಳೆಯನಿಗೆ ನಮ್ಮ ಮಾತು ಇಷ್ಟೇ: ಹೋಗು. ಆದರೆ ಕಣ್ಣು ಮುಚ್ಚಿ ಪ್ರಾರ್ಥಿಸಿದ ಮೇಲೆ ಕಣ್ಣು ತೆರೆದು ನೋಡು. ಅಲ್ಲಿ ನಿನ್ನನ್ನು ಯಾರು ಪಕ್ಕ ಕೂರಿಸುತ್ತಾರೆ, ಯಾರು ಮನೆಗೆ ಕರೆದು ಉಣಿಸುತ್ತಾರೆ, ನಿನ್ನ ತಂಗಿಯನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ? ಉತ್ತರ ಸಿಕ್ಕಿದರೆ ನಿನ್ನ ಹೊಸ ಹುಟ್ಟು ನಿಜ. ಸಿಗದಿದ್ದರೆ ಅಲ್ಲೇ ನಿಂತು ಜಗಳ ತೆಗೆ. ಏನಾದರೂ ಕೇರಿಗೆ ಬೆನ್ನು ಹಾಕಬೇಡ.

ಸಾಲಿನಲ್ಲಿ ಪ್ರಶ್ನೆ ಕೇಳಿದ ತಮ್ಮನಿಗೂ ಒಂದು ಮಾತು. ಅವನು ದೇವರನ್ನು ಬದಲಿಸಿರಬಹುದು. ಊರಿನವರು ಅವನಿಗೆ ಕೊಡುವ ಲೋಟ ಬದಲಾಗಿಲ್ಲ. ಸ್ವಲ್ಪ ಸರಿದು ಅವನಿಗೆ ಜಾಗ ಕೊಡು. ಧರ್ಮದ ಷರತ್ತು ತೆಗೆಯಿರಿ, ಅದಕ್ಕೆ ತಕ್ಕಂತೆ ಸೀಟುಗಳನ್ನೂ ಹೆಚ್ಚಿಸಿ ಎಂದು ಒಟ್ಟಿಗೇ ಕೇಳೋಣ.

ಜೈ ಭೀಮ್.