ಗೋಣಿ ಹಾಸುವಷ್ಟು ಜಾಗ

ಕಳೆದ ಸೋಮವಾರ ಪುತ್ತೂರಿನ ಕಿಲ್ಲೆ ಮೈದಾನದ ಸಂತೆಯಲ್ಲಿ ಒಂದು ಕಿಲೋ ತೊಂಡೆಕಾಯಿಗೆ 80 ರೂಪಾಯಿ ಕೊಟ್ಟೆ. "ಊರಿದ್ದು ಅಮ್ಮ, ಇವತ್ತು ಬೆಳಿಗ್ಗೆ ಕೊಯ್ದದ್ದು" ಎಂದರು ವ್ಯಾಪಾರಿ. ಅವರು ಹೇಳಿದ್ದು ನಿಜ. ತೊಟ್ಟು ಇನ್ನೂ ಹಸಿಯಾಗಿತ್ತು. ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಬಂದರೆ, ಆ ತೊಂಡೆಕಾಯಿ ಬೆಳೆದವರೇ ಅಲ್ಲಿ ಕೂತಿದ್ದರು. ಕಾಣಿಯೂರು ಕಡೆಯವರು; ಅವರ ಮಗನಿಗೆ ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೆ. ಕಾಲ ಬಳಿ ಖಾಲಿ ಬುಟ್ಟಿ, ಅದರ ತಳದಲ್ಲಿ ಬಸಳೆ ಕಟ್ಟಿ ಉಳಿದ ಬಾಳೆನಾರು.

"ಇಷ್ಟು ಬೇಗ ಖಾಲಿಯಾಯಿತಾ ಅಕ್ಕ?"

"ಕೂತುಕೊಳ್ಳಲಿಕ್ಕೆ ಜಾಗ ಸಿಗಲಿಲ್ಲ ಟೀಚರೇ. ಆ ಮೂಲೆಯ ನೀಲಿ ಟಾರ್ಪಾಲಿನವರು ಕಿಲೋಗೆ 35ರ ಹಾಗೆ ಪೂರಾ ತೆಗೆದುಕೊಂಡರು. ಒಂಬತ್ತೂವರೆಯ ಬಸ್ಸಾದರೂ ಸಿಗುತ್ತದಲ್ಲ."

ನಾನು ಕೊಂಡದ್ದೂ ಅದೇ ನೀಲಿ ಟಾರ್ಪಾಲಿನಡಿ. ಮಗ ರಬ್ಬರ್ ಟ್ಯಾಪಿಂಗಿಗೆ ಕಟ್ಟಿಕೊಳ್ಳುವ ಹೆಡ್‌ಲೈಟನ್ನು ಹಣೆಗೆ ಬಿಗಿದು, ನಾಲ್ಕು ಗಂಟೆಗೆದ್ದು ಚಪ್ಪರದಡಿ ಕೊಯ್ದವರಿಗೆ 35. ಮೈದಾನದ ಈ ಮೂಲೆಯಿಂದ ಆ ಮೂಲೆಗೆ ಹೋಗುವಷ್ಟರಲ್ಲಿ ಅದಕ್ಕೆ 45 ರೂಪಾಯಿ ಸೇರಿತು. ವ್ಯಾಪಾರಿಯ ಮೇಲೆ ನನಗೆ ಸಿಟ್ಟಿಲ್ಲ. ಅವರು ದಿನವಿಡೀ ಬಿಸಿಲಲ್ಲಿ ನಿಲ್ಲುತ್ತಾರೆ, ಮಾರಿ ಉಳಿದದ್ದರ ನಷ್ಟ ಅವರದ್ದೇ. ನನ್ನ ತಕರಾರು ಬೇರೆ. ಸಂತೆ ಎಂದರೆ ಬೆಳೆದವರೂ ಉಣ್ಣುವವರೂ ಮುಖಾಮುಖಿಯಾಗುವ ಜಾಗ. ಬೆಳೆದವರಿಗೇ ಅಲ್ಲಿ ಗೋಣಿ ಹಾಸಲು ಜಾಗವಿಲ್ಲ ಎಂದರೆ ಅದನ್ನು ಸರಿಪಡಿಸಬೇಕಾದವರು ನಾವೆಲ್ಲ.

ನಮ್ಮ ಸಂತೆ ಹೆಚ್ಚಾಗಿ ಘಟ್ಟದ ತರಕಾರಿಯ ಮೇಲೆ ನಿಂತಿದೆ. ಟೊಮೆಟೊ, ಕೋಸು, ಬೀನ್ಸ್, ಬಟಾಟೆ ಘಟ್ಟ ಇಳಿದು ಬರುತ್ತವೆ. ಬರಲಿ, ಅವು ನಮ್ಮ ಮಳೆಗೆ, ನಮ್ಮ ಮಣ್ಣಿಗೆ ಒಗ್ಗುವ ಬೆಳೆಗಳಲ್ಲ. ಆದರೆ ಬಸಳೆ, ಹರಿವೆ, ತೊಂಡೆ, ಅಲಸಂಡೆ, ಮುಳ್ಳುಸೌತೆ, ಜೀಗುಜ್ಜೆ, ಆಟಿ ತಿಂಗಳ ಕಣಿಲೆ, ಪತ್ರೊಡೆಯ ಕೆಸುವಿನೆಲೆ ನಮ್ಮ ಅಂಗಳದ ಸೊತ್ತು. ಇವು ಸಂತೆಗೆ ಬಂದರೂ ಮೈದಾನದ ಒಳಗೆ ಜಾಗ ಸಿಗದೆ ರಸ್ತೆಯಂಚಿನಲ್ಲಿ, ಚರಂಡಿಯ ಚಪ್ಪಡಿಯ ಮೇಲೆ ಕೂರುತ್ತವೆ.

ನನ್ನ ತವರು ಸುಳ್ಯ ತಾಲೂಕಿನ ಮರ್ಕಂಜ. ನಾನು ಚಿಕ್ಕವಳಿದ್ದಾಗ ಮನೆಯೆದುರು ಬೈಲು ಗದ್ದೆ ಇತ್ತು. ಏಣೆಲು, ಸುಗ್ಗಿ ಎರಡು ಬೆಳೆ ಭತ್ತ. ಸುಗ್ಗಿ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸೌತೆ, ಬದನೆ, ಅಲಸಂಡೆ. ಅಮ್ಮ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದಿಂದ ಸಾಲಾಗಿ ಇಳಿಬಿಡುತ್ತಿದ್ದರು. ಮಳೆಗಾಲವಿಡೀ ಅವೇ ಸಾಂಬಾರಿಗೆ. ಆಮೇಲೆ ಗದ್ದೆ ಅಡಿಕೆ ತೋಟವಾಯಿತು, ತರಕಾರಿಯ ನೆಲವೂ ಹೋಯಿತು. ಈಗ ಆ ತೋಟಕ್ಕೆ ಹಳದಿ ಎಲೆ ರೋಗ. ಸಂಪಾಜೆ, ಅರಂತೋಡು, ಮರ್ಕಂಜದಲ್ಲಿ ತಲೆಮಾರಿನ ತೋಟಗಳು ಬೋಳಾಗಿವೆ. ಅದು ಸಾಲದೆಂಬಂತೆ ಎಲೆಚುಕ್ಕಿ ರೋಗವೂ ಬಂತು. ಒಂದೇ ಮರ ನಂಬಿ ಕೂರುವ ಕಾಲ ಮುಗಿಯಿತು ಎಂದು ಈಗ ಪ್ರತಿ ಮನೆಯ ಜಗಲಿಯಲ್ಲೂ ಮಾತು ನಡೆಯುತ್ತದೆ. ಬೇರೆ ಬೆಳೆದರೆ ಮಾರುವುದು ಎಲ್ಲಿ ಎಂಬಲ್ಲಿಗೆ ಆ ಮಾತು ನಿಂತುಬಿಡುತ್ತದೆ.

ಈ ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟವರು ನಮ್ಮ ಹಿರಿಯರೇ. ಅಡಿಕೆ ದರ ನೆಲಕಚ್ಚಿದ ಮೇಲೆ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರು ಕ್ಯಾಂಪ್ಕೋ ಎಂಬ ಸಹಕಾರ ಸಂಸ್ಥೆ ಕಟ್ಟಿದರು. ಕೊಕ್ಕೊ ಕೊಳ್ಳುವವರಿಲ್ಲದೆ ರೈತರು ಗಿಡ ಕಡಿಯುವ ಸ್ಥಿತಿ ಬಂದಾಗ ಅದನ್ನೂ ಕೊಂಡರು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ಬೆಳೆಗೆ ಮಾರುಕಟ್ಟೆ ಇಲ್ಲದಿದ್ದರೆ ಮಾರುಕಟ್ಟೆ ಕಟ್ಟಬೇಕು ಎಂದು ದೇಶಕ್ಕೆ ತೋರಿಸಿಕೊಟ್ಟ ಊರಿದು. ಇಂಥ ಊರಿನಲ್ಲಿ ಒಂದು ಬುಟ್ಟಿ ಬಸಳೆ ಅನಾಥವಾಗಬಾರದು.

ಅಡಿಕೆಗಿರುವ ಒಂದು ಬಲ ತರಕಾರಿಗಿಲ್ಲ. ಒಣಗಿಸಿದ ಚಾಲಿಯನ್ನು ಗೋಣಿಯಲ್ಲಿ ತುಂಬಿಟ್ಟು ದರ ಏರುವವರೆಗೆ ಕಾಯಬಹುದು. ಬಸಳೆ ಮಧ್ಯಾಹ್ನದೊಳಗೆ ಬಾಡುತ್ತದೆ, ತೊಂಡೆಕಾಯಿ ಬೇಗ ಹಣ್ಣಾಗುತ್ತದೆ. ಬುಟ್ಟಿ ಹೊತ್ತವರು ಚೌಕಾಸಿಯಲ್ಲಿ ಸೋಲುವುದು ಇದರಿಂದಲೇ. ಅವರಿಗೆ ಬೇಕಾದದ್ದು ಸಾಲವೂ ಅಲ್ಲ, ಸಬ್ಸಿಡಿಯೂ ಅಲ್ಲ. ಗ್ರಾಹಕರು ಬರುವ ಎರಡು ಮೂರು ಗಂಟೆ, ಎದ್ದೇಳಿ ಎನ್ನುವವರಿಲ್ಲದೆ ಕೂರಲು ಒಂದು ಜಾಗ.

ತಮಿಳುನಾಡಿನಲ್ಲಿ 1999ರ ನವೆಂಬರ್ 14ರಂದು ಮದುರೆಯಲ್ಲಿ ಮೊದಲ ಉಳವರ್ ಸಂದೈ, ಅಂದರೆ ರೈತರ ಸಂತೆ, ಶುರುವಾಯಿತು. ಬೆಳೆದವರಿಗೆ ಗುರುತಿನ ಚೀಟಿ, ಬಾಡಿಗೆಯಿಲ್ಲದ ಕಟ್ಟೆ, ತೂಗಲು ತಕ್ಕಡಿ, ಆ ದಿನದ ದರ ಬರೆದ ಫಲಕ, ಇಷ್ಟೇ ಅದರ ಬಂಡವಾಳ. ನಮ್ಮ ಮಂಗಳೂರಿನಲ್ಲೂ ಸಾವಯವ ಕೃಷಿಕ ಗ್ರಾಹಕ ಬಳಗ ಭಾನುವಾರದ ಬೆಳಗಿನ ಸಂತೆ ನಡೆಸಿ, ಬೆಳೆದವರನ್ನು ಕೊಳ್ಳುವವರ ಎದುರು ಕೂರಿಸಿದೆ. ಪುತ್ತೂರು, ಸುಳ್ಯ, ಕಡಬದಲ್ಲಿ ಹೊಸ ಕಟ್ಟಡವೇನೂ ಬೇಡ. ಈಗಿರುವ ಸಂತೆಯಲ್ಲೇ ನೆರಳಿರುವ ಒಂದು ಸಾಲಿಗೆ ಸುಣ್ಣದ ಗೆರೆ ಎಳೆದು, ಹನ್ನೊಂದು ಗಂಟೆಯವರೆಗೆ ಅದು ಬೆಳೆದವರಿಗೆ ಮಾತ್ರ ಎಂದು ಬರೆದರೆ ಸಾಕು. ಯಾರ ಅಂಗಳದಲ್ಲಿ ಏನು ಬೆಳೆದಿದೆ ಎಂದು ಹಳ್ಳಿಯ ಸ್ವಸಹಾಯ ಸಂಘದ ಹೆಂಗಸರಿಗೆ ಗೊತ್ತು. ಅವರ ಮಾತಿನ ಮೇಲೆ ಪಂಚಾಯಿತಿ ಚೀಟಿ ಕೊಡಲಿ. ಬುಟ್ಟಿಗೆ ಸುಂಕ ಬೇಡ. ಒಂದು ಸರಕಾರಿ ತಕ್ಕಡಿ ಇರಲಿ.

ಕೊಳ್ಳುವ ನಮಗೂ ಕೆಲಸವಿದೆ. ಊರ ಮುಳ್ಳುಸೌತೆ ಡೊಂಕಾಗಿರುತ್ತದೆ, ಹರಿವೆಯ ಎಲೆಯಲ್ಲಿ ಹುಳ ತಿಂದ ತೂತು ಇರುತ್ತದೆ. ಸೀರೆಗೆ ಹೇಳಿದ ಬೆಲೆ ಕೊಟ್ಟು ಬರುವ ನಾವು, ಹತ್ತು ರೂಪಾಯಿಯ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವುದನ್ನು ಬಿಡಬೇಕು. ಎಂಡೋಸಲ್ಫಾನ್ ಎಂಬ ವಿಷ ಗೇರು ತೋಪುಗಳ ಮೇಲೆ ಸುರಿದು ಮಕ್ಕಳ ಬದುಕನ್ನೇ ಮುರಿದ ಸೀಮೆ ನಮ್ಮದು. ಅನ್ನದ ಬಟ್ಟಲಿಗೆ ಬಂದದ್ದನ್ನು ಯಾರು, ಹೇಗೆ ಬೆಳೆದರು ಎಂದು ಕೇಳುವುದು ನಮಗೆ ಶೋಕಿಯಲ್ಲ. ಹಾಗೆ ಕೇಳಬೇಕಾದರೆ ಬೆಳೆದವರು ನಮ್ಮೆದುರು ಕೂತಿರಬೇಕು.

ಬಸ್ಸು ಬರುವ ಮೊದಲು ಕಾಣಿಯೂರಿನ ಅಕ್ಕನಲ್ಲಿ ಕೇಳಿದೆ, ಈ ವರ್ಷ ಎಷ್ಟು ಚಪ್ಪರ ಹಾಕುತ್ತೀರಿ ಎಂದು. "ಇನ್ನು ಎರಡು ಹಾಕಲಿಕ್ಕೆ ಜಾಗ ಉಂಟು ಟೀಚರೇ, ನೀರೂ ಉಂಟು. ಕೂತು ಮಾರಲಿಕ್ಕೆ ಎಡೆ ಇದ್ದಿದ್ದರೆ ಹಾಕುತ್ತಿದ್ದೆ" ಎಂದರು.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ನಮ್ಮಲ್ಲಿ ಸಾಲು ತೆಗೆದು ಬೀಜ ಹಾಕುತ್ತಾರೆ. ಎಷ್ಟು ಹಾಕಬೇಕೆಂದು ಆಗಲೇ ತೀರ್ಮಾನವಾಗಿರುತ್ತದೆ. ಅಷ್ಟರೊಳಗೆ ಸಂತೆಯಲ್ಲಿ ಆ ಸುಣ್ಣದ ಗೆರೆ ಬಿದ್ದಿರಲಿ.