ತಂದೆಯ ಉದ್ಯೋಗ

ನಾವು ವಿದ್ಯಾರ್ಥಿಗಳು ಈ ಮೂರು ವರ್ಷಗಳಲ್ಲಿ ಎಷ್ಟು ಅರ್ಜಿಗಳನ್ನು ತುಂಬಿದ್ದೇವೆಂಬುದನ್ನು ಯಾರೂ ಲೆಕ್ಕವಿಟ್ಟಿರಲಾರರು. ಪ್ರವೇಶಕ್ಕೆ ಒಂದು, ವಿದ್ಯಾರ್ಥಿವೇತನಕ್ಕೆ ಒಂದು, ವಸತಿನಿಲಯಕ್ಕೆ ಒಂದು, ಬಸ್ ಪಾಸಿಗೆ ಒಂದು. ಎಲ್ಲದರಲ್ಲಿಯೂ ತಪ್ಪದೆ ಬರುವ ಅಂಕಣವೆಂದರೆ ‘ತಂದೆಯ ಉದ್ಯೋಗ’. ನಮ್ಮ ಕಾಲೇಜಿನ ಬಹುಪಾಲು ಮಿತ್ರರು ಅಲ್ಲಿ ‘ಕೃಷಿ’ ಎಂದೋ ‘ಕೂಲಿ’ ಎಂದೋ ಬರೆದು ಮುಂದಿನ ಅಂಕಣಕ್ಕೆ ಹೋಗುತ್ತಾರೆ. ನಾನು ತುಂಬಿದ ಒಂದು ಅರ್ಜಿಯಲ್ಲಂತೂ ಬರೆಯುವ ಶ್ರಮವೂ ಇರಲಿಲ್ಲ. ಕೃಷಿ, ಸರಕಾರಿ ನೌಕರಿ, ಖಾಸಗಿ ನೌಕರಿ, ವ್ಯಾಪಾರ, ಕೂಲಿ, ಇತರೆ ಎಂಬ ಆರರಲ್ಲಿ ಒಂದನ್ನು ಒತ್ತಬೇಕಿತ್ತು.

ನಮ್ಮ ತಂದೆಯವರು ಬಗದಲ್ ಗ್ರಾಮದ ಗೌಂಡಿ. ಇಪ್ಪತ್ತೆಂಟು ವರ್ಷಗಳಿಂದ ಆ ಕೆಲಸ ಮಾಡುತ್ತಿದ್ದಾರೆ. ಆ ಆರು ಪದಗಳಲ್ಲಿ ಅವರು ಯಾವುದರೊಳಗೆ ಸೇರಬೇಕು? ಓಳಂಬ ಹಿಡಿದು ಗೋಡೆಯ ನೇರ ನೋಡುವವನೂ, ಅವನಿಗೆ ಇಟ್ಟಿಗೆ ಹೊತ್ತು ಕೊಡುವವಳೂ ‘ಕೂಲಿ’ ಎಂಬ ಒಂದೇ ಪದದಲ್ಲಿ ಅಡಗಿಹೋಗುತ್ತಾರೆ. ಹೊರುವ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ನಮ್ಮ ತಾಯಿ ಹಲವು ವರ್ಷ ಅದನ್ನೇ ಮಾಡಿದವರು. ಬುನಾದಿ ತೆಗೆಯುವುದು, ಸ್ಲ್ಯಾಬಿಗೆ ಕಬ್ಬಿಣ ಕಟ್ಟುವುದು, ಗಿಲಾವು ಮಾಡುವುದು, ಇವಕ್ಕೆಲ್ಲ ಬೇರೆ ಬೇರೆ ಹೆಸರೂ ಬೇರೆ ಬೇರೆ ಕೈಯೂ ಇವೆ. ಕಾಗದಕ್ಕೆ ಮಾತ್ರ ಅದು ತಿಳಿಯದು.

ಕಳೆದ ದೀಪಾವಳಿ ರಜೆಯಿಂದ ನಮ್ಮ ಮನೆಯಲ್ಲಿ ಒಂದು ಕೆಲಸ ನಡೆಯುತ್ತಿದೆ. ತಂದೆಯವರು ತಮ್ಮ ಕೆಲಸದ ಒಂದು ಜಾಲತಾಣವನ್ನು ಕಟ್ಟುತ್ತಿದ್ದಾರೆ. ‘ಕಟ್ಟುತ್ತಿದ್ದಾರೆ’ ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ. ಅಕ್ಷರ ಒತ್ತುವವಳು ನಾನು, ಕಟ್ಟುವವರು ಅವರು. ಇದು ನಮ್ಮ ಮನೆಯ ಹವ್ಯಾಸವಾಗಿ ಉಳಿಯಬಾರದು, ಈ ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ತಂದೆಗೋ ತಾಯಿಗೋ ಒಮ್ಮೆ ಹೀಗೆ ಲೇಖಕನಾಗಿ ಕುಳಿತುಕೊಳ್ಳಬೇಕು ಎಂಬುದು ನನ್ನ ಅಭಿಮತ. ಅದಕ್ಕಾಗಿಯೇ ಈ ನಾಲ್ಕು ಮಾತು.

ಜಾಲತಾಣವೆಂದೊಡನೆ ಬೆಂಗಳೂರಿನ ಇಂಜಿನಿಯರುಗಳ ವ್ಯವಹಾರವೆಂದು ನಮ್ಮಲ್ಲಿ ಒಂದು ಭಯವಿದೆ. ಭಯಕ್ಕೆ ಕಾರಣವಿಲ್ಲ. ಟಿಮ್ ಬರ್ನರ್ಸ್-ಲೀ ಎಂಬವರು ಸೆರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿದ್ದು ರೂಪಿಸಿದ ಈ ಜಾಲವನ್ನು ಆ ಸಂಸ್ಥೆ 1993ರ ಏಪ್ರಿಲ್ 30ರಂದು ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟಿತು. ಅದನ್ನು ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾರಿಗೂ ಕಪ್ಪ ಕೊಡಬೇಕಾಗಿಲ್ಲ. ಕನ್ನಡದ ಅಕ್ಷರಗಳಿಗೆ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಸ್ಥಾನ ದೊರೆತಿತ್ತು. ನಾವು ಬಳಸುತ್ತಿರುವುದು ವರ್ಡ್‌ಪ್ರೆಸ್ ಎಂಬುದರ ಉಚಿತ ತಾಣ. ಒಂದು ಮಿಂಚಂಚೆ ವಿಳಾಸವಿದ್ದರೆ ಸಾಕು, ಮೊಬೈಲಿನಲ್ಲಿಯೇ ಬರೆಯಬಹುದು, ಚಿತ್ರ ಸೇರಿಸಬಹುದು. ಉಚಿತವಾದ್ದರಿಂದ ತಾಣದ ವಿಳಾಸದಲ್ಲಿ ಅವರ ಹೆಸರೂ ಬಾಲದಂತೆ ಅಂಟಿಕೊಂಡಿರುತ್ತದೆ, ಇರಲಿ. ಮುಂದೆ ಕೈಯಲ್ಲಿ ಹಣವಾದಾಗ ವರ್ಷಕ್ಕಿಷ್ಟೆಂದು ಬಾಡಿಗೆ ಕೊಟ್ಟು ಸ್ವಂತ ವಿಳಾಸ ಕೊಳ್ಳಬಹುದು. ಕನ್ನಡ ಲಿಪಿಯಲ್ಲಿಯೇ ‘ಭಾರತ’ ಎಂದು ಮುಗಿಯುವ ವಿಳಾಸಗಳೂ ಇವೆ.

ಕಷ್ಟವಿರುವುದು ಯಂತ್ರದಲ್ಲಲ್ಲ, ಬರೆಯುವುದೇನು ಎಂಬುದರಲ್ಲಿ.

ತಂದೆಯವರು ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ಮೊದಲ ವಾರ ಅವರಿಂದ ನಾಲ್ಕು ಮನೆಗಳ ಹೆಸರು ಸಹ ಹೊರಡಲಿಲ್ಲ. ‘ಕಟ್ಟಿದ್ದು ಯಾರ ಮನಿ ಅಂತ ನೆನಪಿಟ್ಕೊಂಡು ಕೂಡ್ಲಕ ಆಗ್ತದೇನು’ ಎಂದುಬಿಟ್ಟರು. ಆಮೇಲೆ ತಾಯಿಯವರು ಒಂದು ಉಪಾಯ ತೆಗೆದರು. ಇಸವಿ ಕೇಳಬೇಡ, ಮಳೆ ಕೇಳು, ಮದುವೆ ಕೇಳು ಎಂದರು. ಹಾಗೆ ಕೇಳಿದಾಗ ಮನೆಗಳು ಒಂದೊಂದಾಗಿ ಹೊರಬಂದವು. ಅಕ್ಕ ಹುಟ್ಟಿದ ವರ್ಷ ಭಾಲ್ಕಿಯಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಂತಸ್ತು. ತೊಗರಿ ಎಲ್ಲ ಒಣಗಿಹೋದ ವರ್ಷ ಹೈದರಾಬಾದಿಗೆ ಹೋಗಿ ಹದಿನಾಲ್ಕು ತಿಂಗಳು ದೊಡ್ಡ ಕಟ್ಟಡವೊಂದರ ಗಿಲಾವು. ಔರಾದದಲ್ಲಿ ಒಬ್ಬ ನಿವೃತ್ತ ಶಿಕ್ಷಕರ ಮನೆ, ಅದರ ಚಜ್ಜಾದಲ್ಲಿ ಗುಬ್ಬಿಗಳಿಗೆಂದು ಬಿಟ್ಟ ಮೂರು ಗೂಡು. ಈ ಲೇಖನ ಬರೆಯುವ ಹೊತ್ತಿಗೆ ಮೂವತ್ತೊಂದು ಮನೆಗಳು, ಎರಡು ಶಾಲಾ ಕೋಣೆಗಳು, ಒಂದು ಗುಡಿಯ ಪೌಳಿ, ಒಂದು ಮಸೀದಿಯ ಮೆಟ್ಟಿಲು ತಾಣದಲ್ಲಿ ಸೇರಿವೆ. ಇನ್ನೂ ಅಷ್ಟೇ ಉಳಿದಿರಬಹುದು.

ಅವರ ಉತ್ಸಾಹವೂ ಮನೆ ಏರಿದ ಹಾಗೆಯೇ ಏರಿತು. ಈಗ ಸಂಜೆ ಚಹಾ ಅಂಗಡಿಯಲ್ಲಿ ಕೂತು ‘ಇವತ್ತ ಮೂರು ಮನಿ ಏರ್ಸಿವಿ ನೋಡ್ರಿ’ ಎಂದು ಮಂದಿಗೆ ವರದಿ ಒಪ್ಪಿಸುತ್ತಾರೆ. ಯಾವ ಊರಿನಲ್ಲಿ ಒಂದೇ ದಿನ ಮೂರು ಮನೆ ಎದ್ದವೆಂದು ಕೇಳಿದವರು ಗಾಬರಿಯಾಗುತ್ತಾರೆ. ಧ್ವನಿಯಿಂದ ಬರೆಸುವ ಸೌಕರ್ಯ ಮೊಬೈಲಿನಲ್ಲಿದೆಯಷ್ಟೆ. ಅದಕ್ಕೆ ನಮ್ಮ ಬೀದರ ಸೀಮೆಯ ಕನ್ನಡ ಅಷ್ಟಾಗಿ ತಿಳಿಯದು. ತಂದೆಯವರು ‘ಗಿಲಾವು ಮಾಡಿದ್ದು’ ಎಂದರೆ ಅದು ‘ಗುಲಾಬಿ ಮಾಡಿದ್ದು’ ಎಂದು ಬರೆಯಿತು. ಅವರು ಆ ಯಂತ್ರಕ್ಕೆ ಬೈಯಲಿಲ್ಲ. ಹೊಸ ಆಳಿಗೆ ಹೇಳುವಂತೆ ಮತ್ತೆ ಮತ್ತೆ ನಿಧಾನವಾಗಿ ಹೇಳಿಕೊಟ್ಟರು. ಕೊನೆಗೆ ನಾನೇ ಒತ್ತಿದೆ.

ಇಂಥ ತಾಣವನ್ನು ಇಂಗ್ಲಿಷಿನಲ್ಲಿ ಮಾಡಿದರೆ ಮರ್ಯಾದೆ ಎಂದು ಸಲಹೆ ಕೊಟ್ಟ ಮಿತ್ರರಿದ್ದಾರೆ. ಅವರಿಗೆ ತಂದೆಯವರೇ ಉತ್ತರ ಕೊಟ್ಟರು: ‘ನನ್ನ ಬಲ್ಲಿ ಮನಿ ಕಟ್ಟಿಸ್ಲಕ ಬರೋರು ಯಾ ಭಾಷಾದಾಗ ಮಾತಾಡ್ತಾರ, ಅದ್ರಾಗೇ ಬರಿ.’ ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ರಾಜಭಾಷೆಯಾಗಿದ್ದಾಗ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಕನ್ನಡ ನಾಡಿನಲ್ಲಿ ಸೇರಿತು. ಆ ಮೇಲೆ ಹುಟ್ಟಿದ ನಾವು, ಯಾರೂ ತಡೆಯದಿರುವಾಗ, ಹೊರಗೂ ಒಳಗೂ ಕನ್ನಡ ಬರೆಯಲು ನಾಚಬೇಕೆ? ಔರಾದದ ಕಡೆಯ ಜನರಿಗೆಂದು ನಾಲ್ಕು ಸಾಲು ಮರಾಠಿಯನ್ನೂ, ಬೀದರ ಶಹರದವರಿಗೆಂದು ನಾಲ್ಕು ಸಾಲು ಉರ್ದುವನ್ನೂ ಮುಂದೆ ಸೇರಿಸಬೇಕೆಂದಿದ್ದೇವೆ. ತಂದೆಯವರು ಈ ಮೂರನ್ನೂ ಮಾತನಾಡುತ್ತಾರೆ. ಮೂರು ಭಾಷೆ ಬಲ್ಲೆನೆಂದು ಅವರು ಎಲ್ಲಿಯೂ ಬರೆಸಿಕೊಂಡಿಲ್ಲ. ನಮ್ಮಲ್ಲಿ ಒಂದೂವರೆ ಭಾಷೆ ಬಲ್ಲವರು ಬಯೋಡಾಟಾದಲ್ಲಿ ಮೂರು ಬರೆಯುತ್ತಾರೆ.

ಆತ್ಮಪ್ರಶಂಸೆ ನಮ್ಮ ಸಂಸ್ಕೃತಿಗೆ ಒಗ್ಗದು, ಬಲ್ಲವನ ಕೆಲಸವೇ ಮಾತನಾಡುತ್ತದೆ ಎಂಬುದು ಹಿರಿಯರ ಇನ್ನೊಂದು ಆಕ್ಷೇಪಣೆ. ಇದನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಆದರೆ ಕಟ್ಟಡದ ಕೆಲಸ ಮಾತನಾಡುವುದು ಯಾರ ಹೆಸರಿನಲ್ಲಿ? ಗೃಹಪ್ರವೇಶದ ದಿನ ಮನೆ ಮಾಲೀಕನದು, ಬಿಲ್ಲಿನಲ್ಲಿ ಗುತ್ತೇದಾರನದು. ಬೀದರ ಕೋಟೆಯ ಸುತ್ತ ಕೆಂಪುಕಲ್ಲನ್ನೇ ಕಡಿದು ಮೂರು ಸುತ್ತಿನ ಕಂದಕ ಮಾಡಿದ್ದಾರೆ. ಆ ಕಲ್ಲು ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಆ ಮರ್ಮ ತಿಳಿದು ಕಡಿದವರ ಹೆಸರನ್ನು ಯಾವ ಮಾರ್ಗದರ್ಶಿಯೂ ಪ್ರವಾಸಿಗಳಿಗೆ ಹೇಳುವುದಿಲ್ಲ. ಸುಲ್ತಾನರ ಹೆಸರುಗಳನ್ನು ಹೇಳುತ್ತಾರೆ. ಐದುನೂರು ವರ್ಷಗಳ ಹಿಂದಿನ ಮಾತು ಬಿಡಿ. ನಮ್ಮ ಕಾಲದಲ್ಲಿಯೇ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕೆಂಬ ನಿಯಮವನ್ನು 1996ರ ಕಾಯಿದೆ ತಂದಿತು. ಇಪ್ಪತ್ತೆಂಟು ವರ್ಷ ದುಡಿದವನಿಗೆ ತೊಂಬತ್ತು ದಿನ ಯಾವ ಲೆಕ್ಕ? ಆದರೂ ಒಬ್ಬ ಗುತ್ತೇದಾರರು ಸಹಿ ಹಾಕಲು ತಂದೆಯವರನ್ನು ಎರಡು ತಿಂಗಳು ಅಲೆದಾಡಿಸಿದರು. ‘ನೀ ನನ್ನ ಕೈಯಾಗ ಯಾವಾಗ ಮಾಡಿದಿ, ತೋರ್ಸು’ ಎಂದು ಅವರು ಕೇಳಿದಾಗ ತೋರಿಸಲು ಏನೂ ಇರಲಿಲ್ಲ. 2021ರಲ್ಲಿ ಇ-ಶ್ರಮ್ ಆರಂಭವಾದ ಮೇಲೆ 12 ಅಂಕೆಗಳ ಒಂದು ಸಂಖ್ಯೆ ದೊರೆತಿದೆ, ಅದು ಒಳ್ಳೆಯದೇ; ಆದರೆ ಅಂಕೆಗಳು ಗುಬ್ಬಿಗೂಡಿನ ವಿಷಯ ಹೇಳುವುದಿಲ್ಲ. ನಮ್ಮ ತಾಣವೂ ಕಾನೂನಿನ ಪುರಾವೆಯಲ್ಲವೆಂದು ಬಲ್ಲೆ. ಆದರೂ ಯಾವ ತಿಂಗಳು, ಯಾವ ಊರು, ಯಾರ ಕೈಕೆಳಗೆ ಎಂದು ತಾರೀಖು ಸಹಿತ ಬರೆದಿಟ್ಟವನನ್ನು ಹಾಗೆ ಅಲೆದಾಡಿಸುವುದು ಅಷ್ಟು ಸುಲಭವಲ್ಲ.

ಪ್ರಶಂಸೆಯ ಮಾತಿಗೆ ಬಂದರೆ, ಅವರ ತಾಣವನ್ನೂ ನಮ್ಮ ಬಯೋಡಾಟಾಗಳನ್ನೂ ಪಕ್ಕದಲ್ಲಿಟ್ಟು ಓದಬೇಕು. ನಾವು ‘ಕಠಿಣ ಪರಿಶ್ರಮಿ’, ‘ನಾಯಕತ್ವ ಗುಣವುಳ್ಳವನು’ ಎಂದು ಎಲ್ಲಿಂದಲೋ ಎತ್ತಿ ಬರೆಯುತ್ತೇವೆ. ಅವರ ಪುಟದಲ್ಲಿ ಗುಣವಾಚಕಗಳೇ ಇಲ್ಲ. ಎರಡು ಅಂತಸ್ತಿನ ಮೇಲೆ ಕಟ್ಟುವುದಿಲ್ಲ, ಕೊಳವೆ ಮತ್ತು ವಿದ್ಯುತ್ತಿನ ಕೆಲಸ ಬೇರೆಯವರದು, ಸ್ಲ್ಯಾಬ್ ಹಾಕಿದ ಮೇಲೆ ನೀರು ಹಿಡಿಯುವುದು ಮನೆಯವರ ಜವಾಬ್ದಾರಿ ಎಂದು ಅವರೇ ಬರೆಸಿದರು. ನಾನು ಒಂದು ಕಡೆ ‘ಎಲ್ಲ ಬಗೆಯ ಕಟ್ಟಡ ಕೆಲಸ’ ಎಂದು ಸೇರಿಸಹೋದಾಗ ತಡೆದರು: ‘ಆಗಲಾರದ್ದು ಆಗ್ತದ ಅಂತ ಬರಿಬ್ಯಾಡ ಅವ್ವಾ. ನಾಳಿ ಅವರು ಬಂದು ಕೇಳಿದ್ರ ನಾ ಏನ್ ಹೇಳ್ಲಿ?’ ಭಾಲ್ಕಿಯ ಒಂದು ಮನೆಯ ಪಶ್ಚಿಮದ ಗೋಡೆ ಮಳೆಗೆ ತೇವ ಹಿಡಿದಿದ್ದನ್ನೂ, ಎರಡನೆಯ ವರ್ಷ ತಮ್ಮ ಖರ್ಚಿನಿಂದ ಮತ್ತೆ ಗಿಲಾವು ಮಾಡಿಕೊಟ್ಟಿದ್ದನ್ನೂ ಬರೆಸಿದ್ದಾರೆ. ಗಿರಾಕಿ ಓಡಿಹೋಗುತ್ತಾನೆಂದು ತಾಯಿಯವರು ಆಡಿಕೊಂಡರು. ಆ ಮನೆಯವರೇ ಫೋನು ಮಾಡಿ ‘ಅದನ್ನ ತೆಗಿಬ್ಯಾಡ್ರಿ’ ಎಂದರು.

ಎಚ್ಚರಿಕೆಯ ಮಾತೂ ಇದೆ. ಮನೆಗಳ ಚಿತ್ರ ಹಾಕುವ ಮುನ್ನ ಮನೆಯವರನ್ನು ಕೇಳಬೇಕು. ಮೂವತ್ತೊಂದರಲ್ಲಿ ಆರು ಮನೆಯವರು ಒಪ್ಪಲಿಲ್ಲ, ಆ ಚಿತ್ರಗಳು ಇಲ್ಲ. ಆಧಾರ್ ಸಂಖ್ಯೆಯಾಗಲಿ ಬ್ಯಾಂಕಿನ ವಿವರವಾಗಲಿ ಅಲ್ಲಿ ಕಾಲಿಡಕೂಡದು. ಎಲ್ಲಕ್ಕಿಂತ ಮುಖ್ಯವಾದುದು ಗುಪ್ತಪದ. ತಂದೆಯವರಿಗೆ ಹಿಂದೆ ಒಂದು ಮಿಂಚಂಚೆ ವಿಳಾಸವಿತ್ತು. ಅದನ್ನು ಮಾಡಿಕೊಟ್ಟ ಆನ್‌ಲೈನ್ ಅಂಗಡಿಯವರು ತಮ್ಮದೇ ಮೊಬೈಲ್ ಸಂಖ್ಯೆ ಕೊಟ್ಟಿದ್ದರು. ಓಟಿಪಿ ಅಂಗಡಿಗೆ ಹೋಗುತ್ತಿತ್ತು. ಅಂಗಡಿ ಮುಚ್ಚಿತು, ವಿಳಾಸವೂ ಅದರೊಡನೆ ಮುಚ್ಚಿತು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನರ ಕೀಲಿಕೈ ಹೀಗೆ ಪರರ ಸೊಂಟದಲ್ಲಿದೆ.

ಈ ವಿಷಯದಲ್ಲಿ ನಮ್ಮ ಊರಿಗೇ ಒಂದು ಹಳೆಯ ಪಾಠವಿದೆ. ಬೀದರದಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಪತ್ರಲೇಖನದಲ್ಲಿ ಮಹಾಪಂಡಿತ. ಪತ್ರ ಬರೆಯುವ ಕಲೆಯ ಮೇಲೆ ಗ್ರಂಥ ರಚಿಸಿದವನು. ಅವನ ಪತ್ರಗಳ ಸಂಗ್ರಹ ‘ರಿಯಾಜ್-ಉಲ್-ಇನ್ಶಾ’ ಇಂದಿಗೂ ಉಳಿದಿದೆ. ಅಂಥವನು 1481ರಲ್ಲಿ ಪ್ರಾಣ ಕಳೆದುಕೊಂಡದ್ದು ತಾನು ಬರೆಯದ ಒಂದು ಪತ್ರದಿಂದ. ಅವನ ಮುದ್ರೆ ಕಾಯುವವನಿಗೆ ಮದ್ಯ ಕುಡಿಸಿ, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡು, ಆಮೇಲೆ ರಾಜದ್ರೋಹದ ಮಾತು ತುಂಬಿದರೆಂದು ಇತಿಹಾಸಕಾರರು ಹೇಳುತ್ತಾರೆ. ಈ ಕಥೆ ಹೇಳಿದ ಮೇಲೆ ತಂದೆಯವರು ಗುಪ್ತಪದವನ್ನು ನನಗೂ ಹೇಳದೆ ತಾವೇ ಒತ್ತುತ್ತಾರೆ. ಒತ್ತುವಾಗ ಮೊಬೈಲನ್ನು ಎದೆಗೆ ಹಿಡಿಯುತ್ತಾರೆ. ಹಾಗೆಯೇ ಆಗಬೇಕು. ತಾಣ ಅವರದು, ನನ್ನದಲ್ಲ.

ಇಷ್ಟರಿಂದ ಕೆಲಸ ಹೆಚ್ಚಿತೇ ಎಂದು ಕೇಳುವವರಿಗೆ ಹೇಳುವುದಾದರೆ, ತಾಣ ನೋಡಿ ಬಂದವರು ಇದುವರೆಗೆ ಇಬ್ಬರು. ಒಬ್ಬರು ಕಂಪೌಂಡು ಗೋಡೆ ಕಟ್ಟಿಸಿದರು, ಇನ್ನೊಬ್ಬರು ದರ ಕೇಳಿ ಹೋದರು. ಬಾಯಿಮಾತಿನಿಂದ ಬರುವ ಕೆಲಸವೇ ಇಂದಿಗೂ ಹೆಚ್ಚು. ಲಾಭದ ಲೆಕ್ಕ ಹಿಡಿದು ಇದನ್ನು ಸಮರ್ಥಿಸಲು ಹೊರಟರೆ ನಾನು ಸೋಲುತ್ತೇನೆ. ಆದರೆ ತಮ್ಮ ಕೆಲಸವನ್ನು ಒಂದು ಸಾಲಿನಲ್ಲಿ ಕಂಡ ಮೇಲೆ ತಂದೆಯವರು ದರ ಹೇಳುವಾಗ ತಲೆ ಕೆರೆದುಕೊಳ್ಳುವುದನ್ನು ಬಿಟ್ಟಿದ್ದಾರೆ. ‘ನೋಡಿ ಕೊಡ್ರಿ’ ಎನ್ನುತ್ತಿದ್ದವರು ಈಗ ಚದರಡಿಗೆ ಇಷ್ಟೆಂದು ಹೇಳುತ್ತಾರೆ.

ಆದ್ದರಿಂದ ಪೂಜ್ಯ ಪ್ರಾಂಶುಪಾಲರಲ್ಲಿಯೂ ಅಧ್ಯಾಪಕರಲ್ಲಿಯೂ ಒಂದು ವಿನಂತಿ. ನಮ್ಮ ಗಣಕಯಂತ್ರದ ಕೋಣೆ ಶನಿವಾರ ಮಧ್ಯಾಹ್ನದ ಮೇಲೆ ಬೀಗ ಹಾಕಿರುತ್ತದೆ. ಅದನ್ನು ತಿಂಗಳಿಗೆ ಎರಡು ಶನಿವಾರ ತೆರೆದರೆ ಸಾಕು. ತಂದೆತಾಯಿಗಳನ್ನು ಕರೆತರುವ ಹೊಣೆ ನಮ್ಮದು. ಬಿದರಿ ಕೆಲಸದವರು, ಹೊಲಿಗೆಯವರು, ಕುರಿ ಸಾಕುವವರು, ರೊಟ್ಟಿ ಮಾರುವವರು ನಮ್ಮ ತರಗತಿಯ ಮನೆಗಳಲ್ಲಿಯೇ ಇದ್ದಾರೆ. ಕನ್ನಡ ವಿಭಾಗದವರು ಭಾಷೆ ತಿದ್ದುವಾಗ ‘ಗಿಲಾವು’, ‘ಓಳಂಬ’ಗಳನ್ನು ಶುದ್ಧಗೊಳಿಸದೆ ಬಿಟ್ಟರೆ ದೊಡ್ಡ ಉಪಕಾರ. ಇತಿಹಾಸ ವಿಭಾಗದವರಿಗೂ ಇಲ್ಲಿ ಕೆಲಸವಿದೆ: ಇಸವಿ ತಿಳಿಯದವರಿಗೆ ಯಾವ ಬರ ಯಾವ ವರ್ಷದ್ದೆಂದು ಹೇಳಿಕೊಡಬೇಕು. ಔರಾದದ ಗುಬ್ಬಿಗೂಡಿನ ಮನೆಯ ಇಸವಿ ನಮಗೆ ಇನ್ನೂ ಹೊಂದಿಲ್ಲ. ಮಳೆ ಬಾರದ ವರ್ಷವೆಂದು ತಂದೆಯವರು, ಅತಿಮಳೆಯ ವರ್ಷವೆಂದು ತಾಯಿಯವರು ಹಟ ಹಿಡಿದಿದ್ದಾರೆ. ಬರುವ ಭಾನುವಾರ ಇಬ್ಬರೂ ಔರಾದಕ್ಕೆ ಹೋಗಿ ಆ ಶಿಕ್ಷಕರನ್ನೇ ಕೇಳಿ ಬರುವವರಿದ್ದಾರೆ.